ಯಂತ್ರಗಳಿಗೆ ಕಣ್ಣು ಬರೆದವರು

ಸತ್ತವರ ಮೇಲೆ ಸಿಟ್ಟು ಮಾಡಬಾರದು ಅನ್ನುತ್ತಾರೆ. ಹಾಗೆ ಅಂದವರ ಗಂಡ ಅರ್ಧ ಮಾತು ಹೇಳಿ ಸತ್ತಿರಲಿಕ್ಕಿಲ್ಲ.

ನನ್ನ ಗಂಡ ಲಾಂಡ್ರಿಯಲ್ಲಿ ಫಿಟ್ಟರ್ ಆಗಿದ್ದರು. ಬೀದಿಯ ಇಸ್ತ್ರಿ ಅಂಗಡಿ ಅಲ್ಲ. ಆಸ್ಪತ್ರೆ, ಹೋಟೆಲುಗಳ ಬಟ್ಟೆ ವ್ಯಾನು ತುಂಬಿ ಬರುವ ದೊಡ್ಡ ಲಾಂಡ್ರಿ. ಒಂದು ಸಾಲಿನಲ್ಲಿ ಒಗೆಯುವ ಯಂತ್ರಗಳು. ಒಬ್ಬ ಮನುಷ್ಯ ಒಳಗೆ ಹೋಗಿ ಕೂರಬಹುದು, ಅಷ್ಟು ದೊಡ್ಡವು. ಅವುಗಳ ಎದುರಿಗೆ ನೀರು ಹಿಂಡುವವು, ಒಣಗಿಸುವವು. ಕೊನೆಯಲ್ಲಿ ರೋಲರ್. ಅದರ ಬಾಯಿಗೆ ಬೆಡ್‌ಶೀಟಿನ ಅಂಚು ಕೊಟ್ಟರೆ ಎಳೆದುಕೊಳ್ಳುತ್ತದೆ, ಆ ಕಡೆಯಿಂದ ಹೊಸ ಕಾಗದದ ಹಾಗೆ ಬಿಸಿಬಿಸಿಯಾಗಿ ಹೊರಗೆ ಬರುತ್ತದೆ. ಬಂದದ್ದನ್ನು ಮಡಿಸುವುದು ನನ್ನ ಕೆಲಸ. ಬಟ್ಟೆ ಕೊಡುವುದು ನನ್ನ ಗೆಳತಿಯ ಕೆಲಸ. ಎಲ್ಲರಿಗಿಂತ ಎತ್ತರ ಅಂತ ಅವಳನ್ನು ಎಲ್ಲರೂ ಉದ್ದಕ್ಕ ಅನ್ನುತ್ತಾರೆ. ನಾವಿಬ್ಬರೂ ರೋಲರಿನ ಆ ಕಡೆ ಈ ಕಡೆ ನಿಂತೇ ಮುದುಕಿಯರಾಗುತ್ತಿದ್ದೇವೆ.

ನಮ್ಮವರಿಗೆ ಒಂದು ಹುಚ್ಚಿತ್ತು. ಕುಡಿತ ಅಲ್ಲ, ಇಸ್ಪೀಟು ಅಲ್ಲ. ದೆವ್ವ. ಅದೂ ನಮ್ಮ ದೆವ್ವ ಅಲ್ಲ, ಜಪಾನಿನವು.

ಮಗಳು ಚಿಕ್ಕವಳಿದ್ದಾಗ ಜ್ವರ ಬಂದು ಮಲಗಿದ್ದಳು. ಟಿವಿಯಲ್ಲಿ ಕಾರ್ಟೂನ್ ಹಾಕಿ ಪಕ್ಕ ಕೂತರು. ಜ್ವರ ಬಿಟ್ಟು ಮಗಳು ಶಾಲೆಗೆ ಹೋದಳು. ಇವರು ಟಿವಿ ಮುಂದಿನಿಂದ ಏಳಲಿಲ್ಲ. ಆಮೇಲೆ ಫೋನ್ ಬಂತು, ಮುಗಿದೇ ಹೋಯಿತು. ನನ್ನ ಬಟ್ಟೆ ಇಡುವ ಕಪಾಟಿನ ಮೇಲಿನ ಖಾನೆಯಲ್ಲಿ ಗೊಂಬೆಗಳು ಬಂದು ಕೂತವು. ಒಂಟಿ ಕಣ್ಣು, ಒಂಟಿ ಕಾಲಿನ ಕೊಡೆ. ಹಾವಿನ ಹಾಗೆ ಕುತ್ತಿಗೆ ಬೆಳೆಯುವ ಹೆಂಗಸು. ಎರಡು ಬಾಲದ ಬೆಕ್ಕು. ನದಿಯಲ್ಲಿರುವ ಕಪ್ಪಾ ಅನ್ನುವ ದೆವ್ವ, ಅದರ ನೆತ್ತಿಯಲ್ಲಿ ಒಂದು ಬಟ್ಟಲು, ಬಟ್ಟಲಲ್ಲಿ ನೀರು. ಬರಬರುತ್ತಾ ಬೇರೆ ದೇಶದವೂ ಸೇರಿದವು. ರಷ್ಯಾದಲ್ಲಿ ಒಲೆಯ ಹಿಂದೆ ವಾಸ ಮಾಡುವ ಗಡ್ಡದ ಮುದುಕ. ಬಿಸಿಲು ಬಿದ್ದರೆ ಕಲ್ಲಾಗುವ ರಾಕ್ಷಸ. ಕೆಳಗಿನ ಖಾನೆಗೂ ಇಳಿಯುತ್ತಿದ್ದವು, ನಾನು ಬಿಡಲಿಲ್ಲ.

ಫೋನಿನಲ್ಲಿ ಇವರ ಹಾಗೆಯೇ ಹುಚ್ಚಿರುವವರ ಒಂದು ಗುಂಪಿತ್ತು. ಯಾವ ಯಾವ ದೇಶದವರೋ. ಇವರಿಗೆ ಅವರ ಭಾಷೆ ಬರುವುದಿಲ್ಲ, ಅವರಿಗೆ ಇವರದು ಬರುವುದಿಲ್ಲ. ಚಿತ್ರ ಕಳಿಸುತ್ತಿದ್ದರು, ಹೆಬ್ಬೆಟ್ಟು ಒತ್ತುತ್ತಿದ್ದರು. ಒಂದು ಸಲ ಯಾರೋ ಕಪ್ಪಾದ ತಲೆಯ ಮೇಲೆ ಬಟ್ಟಲಿನ ಬದಲು ಟೊಪ್ಪಿ ಇಟ್ಟು ಕಳಿಸಿದ. ಇವರು ಊಟ ಬಿಟ್ಟರು.

"ಟೊಪ್ಪಿ ಹಾಕಿದ್ರೆ ನೀರೆಲ್ಲಿ ನಿಲ್ಲುತ್ತೆ? ನೀರು ಇಲ್ದಿದ್ರೆ ಅದಕ್ಕೆ ಶಕ್ತಿ ಎಲ್ಲಿಂದ ಬರುತ್ತೆ? ತಲೆ ಇಲ್ವಾ ಅವನಿಗೆ?"

"ನಿಮಗಿದೆಯಾ?" ಎಂದೆ.

ಮಗ್ಗುಲು ತಿರುಗಿ ಮಲಗಿದರು. ಮಲಗುವುದೆಂದರೆ ನಾಟಕ. ಒಂದು ಕಣ್ಣು ಪೂರ್ತಿ ಮುಚ್ಚುತ್ತಿರಲಿಲ್ಲ, ಸಂದಿಯಿಂದ ನನ್ನನ್ನೇ ನೋಡುತ್ತಿದ್ದರು. ಪಾತ್ರೆ ಒರೆಸಿಡಿ, ನೀರು ತುಂಬಿಸಿ ಅಂದಾಗಲೂ ಅದೇ ನಿದ್ದೆ.

ಈ ಹುಚ್ಚು ಮನೆಯಲ್ಲೇ ಇದ್ದಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ. ಅದನ್ನು ಅವರು ಕೆಲಸಕ್ಕೂ ಒಯ್ದರು.

ಬಹಳ ಕಾಲ ದುಡಿದ ಸಾಮಾನಿಗೆ ಜೀವ ಬರುತ್ತದಂತೆ. ಜಪಾನಿನ ಕಥೆ. ಹಳೆಯ ಕೊಡೆ, ಹಳೆಯ ದೀಪ, ಹಳೆಯ ಚಪ್ಪಲಿ, ಎಲ್ಲಕ್ಕೂ ಕಣ್ಣು ಮೂಡುತ್ತದಂತೆ. ಚೆನ್ನಾಗಿ ನೋಡಿಕೊಂಡಿದ್ದರೆ ಸರಿ, ಇಲ್ಲದಿದ್ದರೆ ಸೇಡು ತೀರಿಸಿಕೊಳ್ಳುತ್ತದಂತೆ.

"ಹಾಗಾದ್ರೆ ಈ ಮನೇಲಿ ಮೊದಲು ನಂಗೆ ಕಣ್ಣು ಬರ್ಬೇಕಿತ್ತು," ಎಂದೆ.

"ನಿನಗೆ ಬೆನ್ನಲ್ಲೂ ಎರಡಿದೆಯಲ್ಲೇ. ಇನ್ನೆಷ್ಟು ಬೇಕು?"

ಆಗ ನೀರು ಹಿಂಡುವ ಒಂದು ಯಂತ್ರದ ಬಾಗಿಲು ಸಡಿಲವಾಗಿತ್ತು. ತಿರುಗುತ್ತಿರುವಾಗಲೇ ತೆರೆದುಕೊಳ್ಳುತ್ತಿತ್ತು. ಇವರು ಎಲ್ಲರಿಗೂ ಹೇಳಿದರು, ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಜೋಪಾನ ಅಂತ ಬರೆದು ಅಂಟಿಸಿದರು, ಯಾರೂ ಓದಲಿಲ್ಲ. ಒಂದು ದಿನ ಎನಾಮಲ್ ಪೇಂಟ್ ತಂದು ಆ ಬಾಗಿಲ ಮೇಲೆ ಒಂದು ದೊಡ್ಡ ಕಣ್ಣು ಬರೆದರು. ಬಿಳಿ ಗುಡ್ಡೆ, ಕಪ್ಪು ಪಾಪೆ, ಸುತ್ತ ಕೆಂಪು. ಮರುದಿನದಿಂದ ಆ ಯಂತ್ರದ ಹತ್ತಿರ ಹೋದವರೆಲ್ಲ ತಡೆದು ನಿಂತರು. ನಿಮ್ಮನ್ನೇ ನೋಡುತ್ತಿರುವ ವಸ್ತುವಿನ ಬಾಯಿಗೆ ಸುಮ್ಮನೆ ಕೈ ಹಾಕುವುದಕ್ಕೆ ಆಗುವುದಿಲ್ಲ. ನೋಡಿ ಬೇಕಾದರೆ.

ಅಲ್ಲಿಂದ ಅದು ನಮ್ಮ ಲಾಂಡ್ರಿಯ ಕಾನೂನಾಯಿತು. ಕಣ್ಣು ತೆರೆದಿದ್ದರೆ ಯಂತ್ರದಲ್ಲಿ ದೋಷ ಇದೆ. ಒಬ್ಬರು ಕೆಲಸ ಮಾಡಬೇಕು, ಇನ್ನೊಬ್ಬರು ಯಂತ್ರ ನಿಲ್ಲಿಸುವ ಕೆಂಪು ಗುಂಡಿಯ ಮೇಲೆ ಕೈ ಇಟ್ಟು ನಿಂತಿರಬೇಕು. ರಿಪೇರಿ ಆದ ಮೇಲೆ ಅವರು ಕಣ್ಣಿನ ಮೇಲೆ ರೆಪ್ಪೆ ಬಳಿಯುತ್ತಿದ್ದರು. ಕಣ್ಣು ಮುಚ್ಚಿತೆಂದರೆ ಯಂತ್ರ ಮಲಗಿದೆ, ಹೆದರಬೇಕಾಗಿಲ್ಲ. ಮತ್ತೆ ಕೆಟ್ಟರೆ ಹಳೆಯದರ ಮೇಲೆಯೇ ಮತ್ತೆ ತೆರೆಯುತ್ತಿದ್ದರು. ಕಣ್ಣು ಮೇಸ್ತ್ರಿ ಅಂತ ಹೆಸರಾಯಿತು. ಹೊಸದಾಗಿ ಸೇರಿದವರು ನಗುತ್ತಿದ್ದರು. ಹಳಬರು ನಗುತ್ತಿರಲಿಲ್ಲ.

ಈಗ ಸಿಟ್ಟಿನ ವಿಷಯಕ್ಕೆ ಬರುತ್ತೇನೆ.

ಬಾಯ್ಲರ್ ತಪಾಸಣೆಗೆ ಅಂತ ಲಾಂಡ್ರಿಯನ್ನು ಒಂದು ವಾರ ಮುಚ್ಚಿದ್ದರು. ಇವರೊಬ್ಬರೇ ಹೋಗಿ ಯಂತ್ರಗಳನ್ನೆಲ್ಲ ಬಿಚ್ಚಿ ನೋಡುತ್ತಿದ್ದರು. ಎರಡನೆಯ ದಿನ ಸಂಜೆ ಮನೆಗೆ ಬಂದು ಕೈ ತೊಳೆಯುತ್ತಾ ಹೇಳಿದರು:

"ಇವತ್ತು ಒಂದು ಕಣ್ಣು ತೆರೆದು ಬಂದೆ ಕಣೇ. ಕೆಟ್ಟದ್ದು. ಕೈ ಹೋಗೋ ಅಂಥದ್ದು."

"ಯಾವುದಕ್ರೀ?"

"ಹೇಳ್ತೀನಿ ಇರು. ಮೊದಲು ಇದನ್ನ ಕೇಳು. ಗುಂಪಲ್ಲಿ ಇವತ್ತು ಒಬ್ಬ ಕಪ್ಪಾದು ಹೊಸ ಕಥೆ ಕಳಿಸಿದಾನೆ. ಕಪ್ಪಾ ಎದುರಿಗೆ ಬಂದ್ರೆ ನಾವು ಏನ್ ಮಾಡ್ಬೇಕು ಗೊತ್ತಾ? ಬಗ್ಗಿ ನಮಸ್ಕಾರ ಮಾಡ್ಬೇಕು. ಅದಕ್ಕೆ ಮರ್ಯಾದೆ ಜಾಸ್ತಿ, ಅದೂ ಬಗ್ಗುತ್ತೆ. ಬಗ್ಗಿದ ಕೂಡ್ಲೆ ತಲೆಮೇಲಿನ ನೀರು ಚೆಲ್ಲಿ..."

ಬಗ್ಗಿ ತೋರಿಸಿದರು. ಮತ್ತೆ ಮೇಲೆ ಏಳಲಿಲ್ಲ.

ನಾಟಕ ಅಂದುಕೊಂಡೆ. ಏಳ್ರೀ ಸಾಕು ಎಂದೆ. ಪಕ್ಕದ ಮನೆಯವರು ಆಟೋ ತಂದರು. ಆಸ್ಪತ್ರೆಯಲ್ಲಿ ನನ್ನನ್ನು ಹೊರಗೆ ನಿಲ್ಲಿಸಿದರು. ಒಳಗೆ ಬಿಟ್ಟಾಗ ಎಲ್ಲ ಮುಗಿದಿತ್ತು. ಕಣ್ಣನ್ನು ನರ್ಸ್ ಮುಚ್ಚಿದ್ದಳು. ಪೂರ್ತಿ ಮುಚ್ಚಿದ್ದಳು. ನೋಡಿದರೆ ಬೇರೆ ಯಾರೋ ಅನ್ನಿಸಿತು.

ಬಂದವರದೆಲ್ಲ ಒಂದೇ ಮಾತು. ಒಳ್ಳೆಯವರು, ಮಗುವಿನಂಥ ಮನಸ್ಸು, ಹೂವಿನ ಹಾಗೆ ಹೋದರು. ನನಗೆ ಮೈ ಉರಿಯುತ್ತಿತ್ತು. ಮಗುವಿನ ಮನಸ್ಸು ಇಟ್ಟುಕೊಂಡು ಏನು ಮಾಡಲಿ? ಒಂದು ಯಂತ್ರದ ಹೆಸರು ಹೇಳುವುದಕ್ಕೆ ಎಷ್ಟು ಹೊತ್ತು ಬೇಕು? ಬಾಯ್ಲರ್, ಡ್ರೈಯರ್, ರೋಲರ್. ಒಂದು ಉಸಿರು. ಆ ಉಸಿರನ್ನು ಕಪ್ಪಾಗೆ ಕೊಟ್ಟು ಹೋದರು.

ಹೆಸರು ಹೇಳದಿದ್ದರೂ ಕಣ್ಣು ಬರೆದಿದ್ದಾರಲ್ಲ ಅಂತ ಸಮಾಧಾನ ಮಾಡಿಕೊಂಡೆ. ಲಾಂಡ್ರಿ ತೆರೆದ ದಿನ ಎಲ್ಲರಿಗಿಂತ ಮೊದಲು ಹೋಗಿ ನೋಡಿದರಾಯಿತು. ಯಾವುದು ತೆರೆದಿದೆಯೋ ಅದೇ.

ತೆರೆಯುವ ದಿನ ಬೆಳಿಗ್ಗೆ ಮಗಳು ನನ್ನ ಜೊತೆಗೇ ಹೊರಟಳು. ಅವಳು ಗಾಡಿಗಳಿಗೆ ಸ್ಟಿಕ್ಕರ್ ಮಾಡುವ ಅಂಗಡಿಯಲ್ಲಿ ಕೆಲಸ ಮಾಡುತ್ತಾಳೆ. ಇವತ್ತು ರಜೆ ಹಾಕಿದ್ದೇನೆ ಎಂದಳು. ಅಮ್ಮ ಒಬ್ಬಳೇ ಹೋಗುವುದು ಬೇಡ ಅಂತ ಇರಬಹುದು ಅಂದುಕೊಂಡೆ. ದಾರಿಯಲ್ಲಿ ಟೀ ಕುಡಿಯೋಣ ಅಂತ ತಡ ಮಾಡಿಸಿದಳು. ಸಿಟ್ಟು ಬಂತು, ಕುಡಿದೆ. ನಾವು ಹೋಗುವಷ್ಟರಲ್ಲಿ ಎಲ್ಲರೂ ಬಂದು ಸಾಲಾಗಿ ನಿಂತಿದ್ದರು. ನಾನು ಒಳಗೆ ಕಾಲಿಟ್ಟ ಕೂಡಲೇ ಚಪ್ಪಾಳೆ ತಟ್ಟಿದರು.

ಇಡೀ ಲಾಂಡ್ರಿ ನನ್ನನ್ನು ನೋಡುತ್ತಿತ್ತು.

ಎಲ್ಲ ಯಂತ್ರಕ್ಕೂ ಕಣ್ಣು. ತಟ್ಟೆ ಅಗಲದ ಸ್ಟಿಕ್ಕರ್, ಬಿಳಿ ಗುಡ್ಡೆ, ಕಪ್ಪು ಪಾಪೆ, ಸುತ್ತ ಕೆಂಪು. ಒಗೆಯುವ ಯಂತ್ರಕ್ಕೆ, ಹಿಂಡುವ ಯಂತ್ರಕ್ಕೆ, ಒಣಗಿಸುವುದಕ್ಕೆ, ರೋಲರಿಗೆ. ತೂಕದ ಯಂತ್ರಕ್ಕೂ ಒಂದು, ಟೀ ಕಾಯಿಸುವ ಪಾತ್ರೆಗೂ ಒಂದು. ಎಲ್ಲವೂ ತೆರೆದ ಕಣ್ಣು.

ಸೂಪರ್‌ವೈಸರ್ ನಮ್ಮಲ್ಲಿಗೆ ಬಂದು ಬಹಳ ಕಾಲ ಆಗಿಲ್ಲ. ವಯಸ್ಸಿನಲ್ಲಿ ಚಿಕ್ಕವನು, ಕೆಟ್ಟವನಲ್ಲ. ಗಂಟಲು ಸರಿ ಮಾಡಿಕೊಂಡು ಹೇಳಿದ: "ಅಕ್ಕಾ, ಇದು ನಿಮ್ಮ ಮಗಳ ಯೋಚನೆ. ಇನ್ಮೇಲೆ ಮೇಸ್ತ್ರಿ ಎಲ್ಲೂ ಹೋಗಲ್ಲ. ಇಡೀ ಲಾಂಡ್ರಿನ ಅವರೇ ನೋಡ್ಕೋತಾರೆ."

ಕೆಲವರು ಕಣ್ಣೊರೆಸಿಕೊಂಡರು. ಮಗಳು ನನ್ನ ಮುಖ ನೋಡುತ್ತಿದ್ದಳು.

"ಯಾವುದರ ಮೇಲೆ ಅಪ್ಪ ಬರೆದಿದ್ದು ತೆರೆದಿತ್ತು?" ಎಂದು ಕೇಳಿದೆ.

"ಏನಮ್ಮಾ?"

"ನೀನು ಅಂಟಿಸುವಾಗ ಕೆಳಗೆ ಅಪ್ಪ ಬರೆದ ಕಣ್ಣು ಇರ್ಲಿಲ್ವಾ? ಯಾವುದು ತೆರೆದಿತ್ತು, ಯಾವುದು ಮುಚ್ಚಿತ್ತು?"

"ಎಲ್ಲ ಎಣ್ಣೆ ಕೂತು ಮಾಸಿತ್ತಮ್ಮ. ಅದಕ್ಕೇ ಮೇಲೆ ಹೊಸದು ಹಾಕಿದ್ವಿ. ನಾನೊಂದಿಷ್ಟು, ಈ ಸಾರ್ ಒಂದಿಷ್ಟು. ಕರೆಂಟ್ ಬೇರೆ ಇರ್ಲಿಲ್ಲ, ಟಾರ್ಚ್ ಹಿಡ್ಕೊಂಡು ಅಂಟಿಸಿದ್ವಿ. ನೋಡ್ಲಿಲ್ಲ."

ಸೂಪರ್‌ವೈಸರನ್ನು ನೋಡಿದೆ. ಅವನೂ ನೋಡಿಲ್ಲ ಅಂತ ತಲೆ ಆಡಿಸಿದ.

ಉದ್ದಕ್ಕನನ್ನು ಹಿಡಿದೆ. "ನೀನು ಹಳಬಳು. ನಿಂಗೆ ಗೊತ್ತಿಲ್ವಾ? ಬೇಡ ಅನ್ನೋಕೆ ಬಾಯಿ ಇರ್ಲಿಲ್ವಾ?"

"ಬೆಳಿಗ್ಗೆ ನೋಡಿದಾಗ ನಂಗೂ ಒಂಥರಾ ಅನ್ನಿಸ್ತು ಕಣೇ. ಆದ್ರೆ ಸತ್ತವರ ನೆನಪಿಗೆ ಅಂತ ಮಗು ಮಾಡಿದೆ. ತೆಗಿ ಅಂತ ಯಾವ ಬಾಯಲ್ಲಿ ಹೇಳ್ಲಿ?"

ಅದೇ. ಅವರ ಮೇಲೆ ಪ್ರೀತಿ ಅಂತ ಎಲ್ಲರೂ ಸೇರಿ ಅವರ ಮಾತನ್ನು ಮುಚ್ಚಿದ್ದರು. ಅವರು ಬಾಯಲ್ಲಿ ಅರ್ಧ ಹೇಳಿದ್ದರು. ಉಳಿದರ್ಧ ಯಾವುದೋ ಕಬ್ಬಿಣದ ಮೇಲಿತ್ತು, ಅದರ ಮೇಲೆ ಸ್ಟಿಕ್ಕರ್.

"ಎಲ್ಲ ಕೀಳ್ರಿ," ಎಂದೆ.

ಸೂಪರ್‌ವೈಸರ್ ಗಡಿಯಾರ ನೋಡಿದ. "ಅಕ್ಕಾ, ಬಾಯ್ಲರ್ ಬಿಸಿ ಆಗಿದೆ. ಆಸ್ಪತ್ರೆ ಶೀಟು ಮಧ್ಯಾಹ್ನದೊಳಗೆ ಹೋಗ್ಬೇಕು, ಅಲ್ಲಿ ಹಾಸೋಕೆ ಏನೂ ಉಳಿದಿಲ್ಲ. ತಪಾಸಣೆಯವರು ಎಲ್ಲ ಸರಿ ಇದೆ ಅಂತ ಹೇಳಿ ಹೋಗಿದಾರೆ. ಇವತ್ತೊಂದಿನ ನಡೀಲಿ, ಸಂಜೆ ನೋಡೋಣ."

"ತಪಾಸಣೆಯವರು ಬಾಯ್ಲರ್ ನೋಡಿದ್ದು. ಯಂತ್ರ ಬಿಚ್ಚಿ ನೋಡಿದವರು ನನ್ನ ಗಂಡ. ಒಂದರಲ್ಲಿ ಕೈ ಹೋಗೋ ದೋಷ ಇದೆ ಅಂದ್ರು. ಯಾವುದು ಅಂತ ಹೇಳೋಕೆ ಮುಂಚೆ ಹೋದ್ರು."

ಹಿಂದೆ ಯಾರೋ ಮೆಲ್ಲಗೆ ಅಂದರು: "ಪಾಪ, ದುಃಖಕ್ಕೆ ತಲೆ ಕೆಟ್ಟಿದೆ."

"ಪಾಪ ಅಂದವರು ಮುಂದೆ ಬನ್ನಿ," ಎಂದೆ. "ಬನ್ನಿ, ನಿಮಗೆ ಬೇಕಾದ ಯಂತ್ರ ಆರಿಸ್ಕೊಳ್ಳಿ. ನಿಮ್ಮ ಕೈ ಒಳಗಿಡಿ, ನಾನು ಸ್ವಿಚ್ ಹಾಕ್ತೀನಿ."

ಯಾರೂ ಬರಲಿಲ್ಲ. ನಾನು ಹೋಗಿ ಮೇನ್ ಸ್ವಿಚ್ಚಿಗೆ ಬೆನ್ನು ಕೊಟ್ಟು ನಿಂತೆ. ಉದ್ದಕ್ಕ ಬಂದು ನನ್ನ ಪಕ್ಕ ನಿಂತಳು. "ಕೈ ನಂದು ಸಾರ್. ಅದು ಮತ್ತೆ ಬೆಳೆಯಲ್ಲ. ಶೀಟು ಕಾಯ್ಲಿ," ಎಂದಳು.

ಮಗಳ ಮುಖ ಕೆಂಪಾಗಿತ್ತು. "ಅಪ್ಪನ ಕಣ್ಣನ್ನ ನೀನೇ ಕೀಳಿಸ್ತೀಯಾ?"

"ಇದು ಅಪ್ಪನ ಕಣ್ಣಲ್ಲ. ನಿನ್ನ ಅಂಗಡಿದು."

ಹಾಗೆ ಹೇಳಬಾರದಿತ್ತು ಅಂತ ನನಗೆ ಇವತ್ತೂ ಅನ್ನಿಸುವುದಿಲ್ಲ. ಹತ್ತಿರದಲ್ಲಿದ್ದ ಹಿಂಡುವ ಯಂತ್ರಕ್ಕೆ ಹೋದೆ. ಉಗುರು ಹಾಕಿ ಸ್ಟಿಕ್ಕರಿನ ಅಂಚು ಎಬ್ಬಿಸಿ ಎಳೆದೆ. ಚರ್ ಅಂತ ಬಂತು. ಕೆಳಗೆ ಬರೀ ಕಬ್ಬಿಣ. ಸ್ಟಿಕ್ಕರನ್ನು ತಿರುಗಿಸಿ ನೋಡಿದರೆ ಅವರು ಬರೆದ ಕಣ್ಣು ಅಂಟಿನ ಜೊತೆ ಕಿತ್ತು ಬಂದಿತ್ತು. ಮುಚ್ಚಿದ ಕಣ್ಣು. ಎಲ್ಲಕ್ಕಿಂತ ಮೊದಲು ಅವರು ಬರೆದಿದ್ದದ್ದು ಅದೇ. ನನ್ನ ಕೈಯಲ್ಲಿ ಚೂರುಚೂರಾಗಿ ಉದುರಿತು.

"ಅಮ್ಮಾ! ಹಾಗಲ್ಲ!" ಮಗಳು ಓಡಿ ಬಂದು ಕೈ ಹಿಡಿದಳು. ಅಳುತ್ತಿದ್ದಳು, ಸಿಟ್ಟಲ್ಲೂ ಇದ್ದಳು. "ಹಾಗೆ ಎಳೆದ್ರೆ ಅಪ್ಪಂದು ಒಂದೂ ಉಳಿಯಲ್ಲ. ಬಿಸಿ ಮಾಡಿ ತೆಗೀಬೇಕು. ಇಸ್ತ್ರಿಪೆಟ್ಟಿಗೆ ಕೊಡಿ ಯಾರಾದ್ರೂ. ಒಂದು ಒದ್ದೆ ಬಟ್ಟೆ."

ಲಾಂಡ್ರಿಯಲ್ಲಿ ಇಸ್ತ್ರಿಪೆಟ್ಟಿಗೆಗೆ ಬರವೇ? ಒದ್ದೆ ಬಟ್ಟೆ ಇಟ್ಟು ಮೇಲೆ ಪೆಟ್ಟಿಗೆ ಮುಟ್ಟಿಸಿದಳು. ಹಬೆ ಎದ್ದಿತು. ಅಂಟು ಮೆತ್ತಗಾದ ಮೇಲೆ ಒಂದು ಮೂಲೆಯಿಂದ ನಿಧಾನವಾಗಿ, ಗಾಯದ ಪಟ್ಟಿ ಬಿಚ್ಚುವ ಹಾಗೆ ಬಿಚ್ಚಿದಳು. ನಾನು ಬಟ್ಟೆ ಹಿಡಿದೆ, ಅವಳು ಕಿತ್ತಳು. ಕೆಲಸ ಮಾಡುತ್ತಲೇ ಬೈಯುತ್ತಿದ್ದಳು.

"ನಂಗೆ ಯಾರೂ ಹೇಳ್ಲಿಲ್ಲ. ಕಪ್ಪಾ ಏನ್ ತಿನ್ನುತ್ತೆ ಅಂತ ಹೇಳಿದ್ರು. ಆ ಕೊಡೆ ದೆವ್ವ ಯಾವ ಕಾಲಲ್ಲಿ ಕುಣಿಯುತ್ತೆ ಅಂತ ಹೇಳಿದ್ರು. ಅದಕ್ಕಿರೋದೇ ಒಂದು ಕಾಲು! ಇದನ್ನೊಂದು ಹೇಳೋಕಾಗ್ಲಿಲ್ವಾ? ನಾನು ತಮಾಷೆಗೆ ಬರೀತಾರೆ ಅಂದ್ಕೊಂಡಿದ್ದೆ."

"ನಂಗೆ ಗೊತ್ತಿತ್ತು. ಆದ್ರೂ ಅರ್ಧವೇ ಹೇಳಿದ್ರು."

"ಯಾಕಮ್ಮಾ ಹೀಗೆ ಅವರು?"

"ನನ್ನನ್ನ ಕೇಳ್ತೀಯಾ? ನಿಂಗೆ ಜ್ವರ ಬಂದಿದ್ದಕ್ಕೆ ಇಷ್ಟೆಲ್ಲಾ ಆಗಿದ್ದು."

ಅವಳಿಗೆ ಅಳುವಿನ ಮಧ್ಯೆ ನಗು ಬಂತು. ನನಗೆ ಬರಲಿಲ್ಲ.

ಒಗೆಯುವ ಯಂತ್ರ, ಮುಚ್ಚಿದ ಕಣ್ಣು. ಅದರ ಪಕ್ಕದ್ದು, ಕಣ್ಣೇ ಇಲ್ಲ. ಇನ್ನೊಂದು, ಮುಚ್ಚಿದ ಕಣ್ಣು. ಒಂದೊಂದೂ ಬಯಲಾದ ಹಾಗೆ ಆ ಯಂತ್ರದವರು ಉಸಿರು ಬಿಟ್ಟು ಸ್ವಿಚ್ ಹಾಕಿಕೊಂಡರು. ಸದ್ದು ಒಂದೊಂದಾಗಿ ಶುರುವಾಯಿತು. ಸೂಪರ್‌ವೈಸರ್ ತಾನೂ ಒಂದು ಪೆಟ್ಟಿಗೆ ತಂದು ಒಣಗಿಸುವ ಯಂತ್ರಗಳ ಕಡೆ ಹೋದ. ಅಲ್ಲೂ ಮುಚ್ಚಿದವೇ. "ಅಕ್ಕಾ, ಮೇಸ್ತ್ರಿ ಬೇರೆ ಏನಾದ್ರೂ ಹೇಳಿರ್ಬಹುದಾ?" ಎಂದ. ನಾನು ಬಟ್ಟೆಯನ್ನು ಮತ್ತೆ ನೀರಿಗೆ ಅದ್ದಿ ಹಿಂಡಿದೆ.

ಕೊನೆಗೆ ಉಳಿದದ್ದು ನಮ್ಮ ರೋಲರ್.

ಅದರ ಬದಿಯಲ್ಲಿ ಅವರು ಬಹಳ ಹಿಂದೆ ಬರೆದ ಕಣ್ಣಿತ್ತು. ಮುಚ್ಚಿದ ಕಣ್ಣು. ಉದ್ದಕ್ಕನೂ ನಾನೂ ದಿನವೂ ನೋಡುತ್ತಿದ್ದದ್ದು. "ಇದು ಮಲಗೇ ಇದೆಯಲ್ಲೇ," ಎಂದಳು ಉದ್ದಕ್ಕ. ಶೀಟಿನ ಮೊದಲ ಗಾಡಿಯನ್ನು ಆಗಲೇ ಹತ್ತಿರ ಎಳೆದುಕೊಂಡಿದ್ದಳು. ಮಗಳು ಪೆಟ್ಟಿಗೆ ಮುಟ್ಟಿಸಿದಳು. ಹಬೆ ಹೋಯಿತು. ಸ್ಟಿಕ್ಕರ್ ಬಂತು.

ತೆರೆದಿತ್ತು. ಪೇಂಟ್ ಹೊಸದು, ಹೊಳೆಯುತ್ತಿತ್ತು. ಪಾಪೆಯನ್ನು ನಡುವೆ ಬರೆದಿರಲಿಲ್ಲ, ಕೆಳಗೆ ಬರೆದಿದ್ದರು. ಕಣ್ಣು ನಮ್ಮನ್ನು ನೋಡುತ್ತಿರಲಿಲ್ಲ. ರೋಲರಿನ ಬಾಯಿಯ ಮುಂದಿನ ಅಡ್ಡಪಟ್ಟಿಯನ್ನು ನೋಡುತ್ತಿತ್ತು.

ಆ ಪಟ್ಟಿ ಬೆರಳು ಕಾಯುವುದಕ್ಕೆ ಇರುವುದು. ಬಟ್ಟೆ ಕೊಡುವಾಗ ಕೈ ಒಳಗೆ ಹೋಗತೊಡಗಿದರೆ ಪಟ್ಟಿಗೆ ತಾಗುತ್ತದೆ, ತಾಗಿದ ಕೂಡಲೇ ರೋಲರ್ ನಿಲ್ಲಬೇಕು. ಉದ್ದಕ್ಕ ಅದನ್ನು ನಂಬಿಯೇ ಮಾತಾಡುತ್ತಾ, ನನ್ನ ಕಡೆ ನೋಡುತ್ತಾ ಕೆಲಸ ಮಾಡುವವಳು.

ಸೂಪರ್‌ವೈಸರ್ ಎಲ್ಲರನ್ನೂ ಹಿಂದೆ ಸರಿಸಿದ. ರೋಲರ್ ಹಾಕಿದ. ಒಂದು ದಿಂಬಿನ ಚೀಲವನ್ನು ಕೋಲಿಗೆ ಸುತ್ತಿ ಅದರಿಂದ ಪಟ್ಟಿಯನ್ನು ಒತ್ತಿದ. ನಿಲ್ಲಲಿಲ್ಲ. ಇನ್ನೂ ಒತ್ತಿದ. ರೋಲರ್ ಚೀಲದ ತುದಿ ಹಿಡಿದುಕೊಂಡಿತು. ಅವನು ಕೋಲು ಬಿಟ್ಟು ಹಾರಿದ. ಕೋಲು ಲಟಕ್ ಅಂತ ಮುರಿಯಿತು. ಚೀಲ ನನ್ನ ಕಡೆಯಿಂದ ಹೊರಗೆ ಬಂತು, ಗರಿಗರಿಯಾಗಿ, ಕಾಗದದ ಹಾಗೆ.

ಯಾರೋ ಕೆಂಪು ಗುಂಡಿ ಒತ್ತಿದರು.

ಉದ್ದಕ್ಕ ತನ್ನ ಎರಡು ಅಂಗೈಗಳನ್ನೂ ತಿರುಗಿಸಿ ನೋಡಿಕೊಂಡಳು. "ಅಯ್ಯೋ ಮೇಸ್ತ್ರೀ," ಎಂದಳು, "ಒಂದು ಮಾತು ಹೇಳಿ ಸಾಯ್ಬಾರ್ದಿತ್ತಾ?" ಮತ್ತೆ ನೆಲದ ಮೇಲೆಯೇ ಕೂತುಬಿಟ್ಟಳು. ಮಗಳು ಹೋಗಿ ಅವಳ ಕೈ ಹಿಡಿದುಕೊಂಡಳು. ಬಿಡಲೇ ಇಲ್ಲ.

ನಾನು ಕೂರಲಿಲ್ಲ. ರೋಲರಿನ ಮುಂದೆ ನಿಂತು ಅವರನ್ನು ಬಾಯಿಗೆ ಬಂದ ಹಾಗೆ ಬೈದೆ. ಮಗಳ ಮುಂದೆ, ಸೂಪರ್‌ವೈಸರ್ ಮುಂದೆ. ಬದುಕಿದ್ದಾಗ ಒಂದು ಸಲವೂ ಅಷ್ಟು ಬೈದಿರಲಿಲ್ಲ. ಅವರ ಕಪ್ಪಾ, ಅವರ ಬಟ್ಟಲು, ಅವರ ಗುಂಪು, ಯಾರನ್ನೂ ಬಿಡಲಿಲ್ಲ. ಯಾರೂ ಸಮಾಧಾನ ಮಾಡುವುದಕ್ಕೆ ಬರಲಿಲ್ಲ. ಅದೊಂದು ಒಳ್ಳೆಯದು ಮಾಡಿದರು.

ಅವತ್ತು ಶೀಟುಗಳನ್ನು ಕೈಯಲ್ಲೇ ಇಸ್ತ್ರಿ ಮಾಡಿದೆವು. ಆಸ್ಪತ್ರೆಯವರು ತಡ ಆಯಿತು ಅಂತ ಫೋನಿನಲ್ಲಿ ಕೂಗಾಡಿದರು. ಸೂಪರ್‌ವೈಸರ್ ಫೋನ್ ಕಿವಿಯಿಂದ ದೂರ ಹಿಡಿದುಕೊಂಡು ಹೂಂ ಸರ್, ಹೂಂ ಸರ್ ಅನ್ನುತ್ತಿದ್ದ. ಉಳಿದ ಸ್ಟಿಕ್ಕರುಗಳನ್ನೆಲ್ಲ ಮಗಳು ಕಿತ್ತು ಚೀಲಕ್ಕೆ ತುಂಬಿದಳು. ಟೀ ಪಾತ್ರೆಯದನ್ನು ಮಾತ್ರ ಬಿಟ್ಟಳು. ಅದು ಇರಲಿ ಎಂದೆ. ಆ ಟೀ ಕುಡಿದವರಿಗೆ ಗೊತ್ತು, ಅದಕ್ಕೆ ಕಣ್ಣು ಇರಬೇಕಾದದ್ದೇ.

ಹೊಸ ಫಿಟ್ಟರ್ ಬಂದು ಪಟ್ಟಿಯ ಸ್ವಿಚ್ ಬದಲಾಯಿಸಿದ. ಸೂಪರ್‌ವೈಸರ್ ಎಲ್ಲರೆದುರು ಕೋಲಿನಿಂದ ಒತ್ತಿ, ನಿಂತಿತು ಅಂತ ತೋರಿಸಿದ. ಉದ್ದಕ್ಕ ತಾನೇ ಕೋಲು ಇಸಿದುಕೊಂಡು ಮತ್ತೆ ಮತ್ತೆ ಒತ್ತಿ ನೋಡಿದಳು. ಪ್ರತಿ ಸಲವೂ ನಿಂತಿತು. ಆಮೇಲೆ ಸೂಪರ್‌ವೈಸರ್ ನಮ್ಮವರ ಪೇಂಟ್ ಡಬ್ಬ, ಬ್ರಷ್ ತಂದು ನನ್ನ ಕೈಗೆ ಕೊಟ್ಟ.

"ಅಕ್ಕಾ, ರಿಪೇರಿ ಆಗಿದೆ. ಮುಚ್ಬೇಕಲ್ಲ."

ಮಗಳು ನಾನು ಬರೀತೀನಿ ಎಂದಳು. ಅವಳಿಗೆ ಚೆನ್ನಾಗಿ ಬರುತ್ತದೆ. ಬೇಡ ಎಂದೆ.

ಪೇಂಟ್ ಗಟ್ಟಿಯಾಗಿತ್ತು. ಬ್ರಷ್ಷಿನ ಕೂದಲು ಒಂದಕ್ಕೊಂದು ಅಂಟಿತ್ತು. ಮೇಲಿನಿಂದ ಕೆಳಗೆ ಎಳೆದೆ, ರೆಪ್ಪೆ ಓರೆಯಾಯಿತು. ಕೆಳಗೆ ಒಂದು ಸಂದಿ ಉಳಿಯಿತು. ಅದರಲ್ಲಿ ಕಪ್ಪು ಪಾಪೆ ಸ್ವಲ್ಪ ಕಾಣುತ್ತಿತ್ತು. ಕೆಲಸ ಹೇಳಿದಾಗ ಮಗ್ಗುಲು ತಿರುಗಿ ಮಲಗುವವರ ಹಾಗೆ.

"ಇನ್ನೊಂದು ಸಲ ಬಳಿಯಮ್ಮ, ಪೂರ್ತಿ ಮುಚ್ಚಿಲ್ಲ," ಎಂದಳು ಮಗಳು.

"ಪೂರ್ತಿ ಮುಚ್ಚಿದ್ದು ಒಂದ್ಸಲ ನೋಡಿದೀನಿ. ಸಾಕು," ಎಂದೆ.

ಹಾಗೇ ಇದೆ. ಬೆಳಿಗ್ಗೆ ಹೋದ ಕೂಡಲೇ ಅದರ ಮುಂದೆ ನಿಂತು ಒಂದು ಮಾತು ಬೈಯುತ್ತೇನೆ. ಉದ್ದಕ್ಕ ಕಾಯುತ್ತಾಳೆ. ನಾನು ಬೈದು ಮುಗಿಸಿ ಈ ಕಡೆ ಬಂದು ನಿಂತ ಮೇಲೆ ಅವಳು ಆ ಕಡೆಯಿಂದ ಶೀಟು ಕೊಡುತ್ತಾಳೆ.